ಮಗುವಿಗೆ ಮತ್ತೆ ಮತ್ತೆ ಬರುವ ಕಿವಿ ಸೋಂಕು: ಇನ್ನೊಂದು ಸುತ್ತು ಆಂಟಿಬಯಾಟಿಕ್ಕೋ, ಗ್ರೋಮೆಟ್ಟೋ?

ಪ್ರಶ್ನೆ (ಮಗುವಿನ ತಾಯಿ)

ನಮಸ್ಕಾರ. ನನ್ನ ಮಗಳಿಗೆ ಈಗ ಇಪ್ಪತ್ತೆರಡು ತಿಂಗಳು. ಆರು ತಿಂಗಳೊಳಗೆ ಇದು ಮೂರನೆಯ ಕಿವಿ ಸೋಂಕು. ಪ್ರತಿ ಸಲವೂ ಮೊದಲು ನೆಗಡಿ ಬಂದು ಮೂಗು ಕಟ್ಟುತ್ತದೆ. ಅದು ಇನ್ನೇನು ವಾಸಿಯಾಯಿತು ಎನ್ನುವಷ್ಟರಲ್ಲಿ ಒಂದು ರಾತ್ರಿ ಏಕಾಏಕಿ ಚೀರಿ ಏಳುತ್ತಾಳೆ, ಮೈ ಸುಡುತ್ತಿರುತ್ತದೆ, ಮಲಗಿಸಿದರೆ ಅಳು ಇನ್ನೂ ಜೋರಾಗುತ್ತದೆ, ಹೆಗಲ ಮೇಲೆ ಹಾಕಿಕೊಂಡರೆ ಮಾತ್ರ ಸ್ವಲ್ಪ ಸುಮ್ಮನಾಗುತ್ತಾಳೆ. ಹಿಂದಿನ ಸಲ ಬೆಳಗಿನ ಜಾವಕ್ಕೆ ತಾನಾಗಿಯೇ ನಿದ್ದೆಹೋದಳು. ಎದ್ದಾಗ ನೋಡಿದರೆ ದಿಂಬಿನ ಮೇಲೆ ಹಳದಿ ಕಲೆ, ಕಿವಿಯ ಕೆಳಗೆ ಒಣಗಿದ ಕೀವು. ಅಷ್ಟೊಂದು ಕೀವು ಸೋರಿದ ಮೇಲೆ ನೋವು ಹೆಚ್ಚಬೇಕಾಗಿತ್ತಲ್ಲ, ಅವಳು ನಗುನಗುತ್ತ ಆಡುತ್ತಿದ್ದಳು. ನನಗೆ ಏನೂ ಅರ್ಥವಾಗಲಿಲ್ಲ.

ಮೂರು ಸಲವೂ ಆಂಟಿಬಯಾಟಿಕ್ ಸಿರಪ್ ಕೊಟ್ಟಿದ್ದೇವೆ. ಜ್ವರ ಬೇಗ ಇಳಿಯುತ್ತದೆ, ಆದರೆ ಸಿರಪ್ ಮುಗಿಯುವವರೆಗೂ ಭೇದಿಯಾಗಿ, ಡಯಾಪರ್ ಕಟ್ಟುವ ಜಾಗವೆಲ್ಲ ಕೆಂಪೇರಿ ಮಗು ಹೈರಾಣಾಗುತ್ತದೆ. ಈ ಸಲ ನೋಡಿದ ವೈದ್ಯರು ಇನ್ನಷ್ಟು ಪ್ರಬಲವಾದ ಔಷಧ ಬರೆದಿದ್ದಾರೆ. ಎರಡನೆಯ ಅಭಿಪ್ರಾಯಕ್ಕೆಂದು ಹೋದಾಗ ಮತ್ತೊಬ್ಬರು, ಔಷಧದಿಂದ ಇದು ಮುಗಿಯುವುದಿಲ್ಲ, ಕಿವಿತಮಟೆಗೆ ಗ್ರೋಮೆಟ್ (ಗಾಳಿಯಾಡಲು ತಮಟೆಯಲ್ಲಿ ಕೂರಿಸುವ ಪುಟ್ಟ ಕೊಳವೆ) ಹಾಕಿಸಿಬಿಡಿ ಎಂದರು. ಬಂಧುವೊಬ್ಬರು, ಕೆಲವು ತಿಂಗಳ ಕಾಲ ದಿನವೂ ಸಣ್ಣ ಪ್ರಮಾಣದಲ್ಲಿ ಆಂಟಿಬಯಾಟಿಕ್ ಕೊಡುತ್ತಾ ಹೋದರೆ ಸೋಂಕು ಬರುವುದೇ ಇಲ್ಲ, ತಮ್ಮ ಮಗನಿಗೆ ಹಿಂದೆ ಹಾಗೆಯೇ ಮಾಡಿದ್ದರು ಎನ್ನುತ್ತಾರೆ.

ಇದೆಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುತ್ತಿರುವುದು ಇನ್ನೊಂದು. ಇತ್ತೀಚೆಗೆ ಹಿಂದಿನಿಂದ ಕರೆದರೆ ಅವಳು ಎಷ್ಟೋ ಸಲ ತಿರುಗುವುದಿಲ್ಲ. ಮೊದಲು ವಾರಕ್ಕೊಂದು ಎರಡು ಹೊಸ ಪದ ಕಲಿಯುತ್ತಿದ್ದವಳು ಈಗ ಹಳೆಯ ಪದಗಳಲ್ಲೇ ನಿಂತಿದ್ದಾಳೆ. ಅನುಭವವಿರುವ ಪೋಷಕರೂ ವೈದ್ಯರೂ ದಯವಿಟ್ಟು ತಿಳಿಸಿ: ಈ ಮೂರು ದಾರಿಗಳಲ್ಲಿ ಯಾವುದು ಸರಿ, ಮತ್ತು ಅದನ್ನು ತೀರ್ಮಾನಿಸುವುದಕ್ಕೆ ನಾನು ಏನನ್ನು ಗಮನಿಸಬೇಕು?

ಉತ್ತರ 1 (ಮಕ್ಕಳ ವೈದ್ಯ)

ತಾಯಿ, ನೀವು ವಿವರವಾಗಿ ಬರೆದಿರುವುದರಿಂದ ಉತ್ತರಿಸಲು ಸುಲಭವಾಯಿತು. ಮಗುವನ್ನು ನೋಡದೆ ಚಿಕಿತ್ಸೆ ಹೇಳುವುದು ಸರಿಯಲ್ಲ. ಆದರೆ ತೀರ್ಮಾನ ಯಾವ ಅಂಶಗಳ ಮೇಲೆ ನಿಂತಿದೆ ಎಂಬುದನ್ನು ಖಂಡಿತ ಹೇಳಬಹುದು.

ಕಿವಿ ಸೋಂಕು ಎಂದು ನಾವು ಒಂದೇ ಹೆಸರಿನಿಂದ ಕರೆಯುವುದರಲ್ಲಿ ಮೂರು ಬೇರೆ ಬೇರೆ ತೊಂದರೆಗಳು ಸೇರಿಕೊಂಡಿರುತ್ತವೆ. ಹೊರಕಿವಿಯ ನಾಳದ ಸೋಂಕಿನಲ್ಲಿ ಕಿವಿಯ ಹಾಲೆಯನ್ನು ಎಳೆದರೆ ಅಥವಾ ಮುಂದಿನ ಮೃದ್ವಸ್ಥಿಯನ್ನು ಒತ್ತಿದರೆ ನೋವಾಗುತ್ತದೆ. ಅದಕ್ಕೆ ಹನಿ ಔಷಧವೇ ಮುಖ್ಯ. ಎರಡನೆಯದು ಕಿವಿತಮಟೆಯ ಹಿಂಬದಿಯಲ್ಲಿ, ಅಂದರೆ ಮಧ್ಯಕಿವಿಯಲ್ಲಿ, ಕೀವು ತುಂಬುವ ತೀವ್ರ ಸೋಂಕು. ನಿಮ್ಮ ವಿವರಣೆ ಇದಕ್ಕೆ ಹೊಂದುತ್ತದೆ. ಮೂರನೆಯದರಲ್ಲಿ ಜ್ವರವಿಲ್ಲ, ನೋವಿಲ್ಲ, ಕೀವೂ ಇಲ್ಲ. ಮಧ್ಯಕಿವಿಯಲ್ಲಿ ಅಂಟಾದ ದ್ರವ ಸುಮ್ಮನೆ ನಿಂತಿರುತ್ತದೆ. ಈ ಮೂರನೆಯದನ್ನು ಎರಡನೆಯದೆಂದು ಎಣಿಸಿ ಆಂಟಿಬಯಾಟಿಕ್ ಬರೆಯುವುದು ಬಹಳ ಸಾಮಾನ್ಯ. ಜ್ವರದಿಂದಲೂ ಅಳುವಿನಿಂದಲೂ ಕಿವಿತಮಟೆ ಕೆಂಪಾಗುತ್ತದೆ, ಆದ್ದರಿಂದ ಕೆಂಪಾಗಿದೆ ಎಂಬುದೊಂದೇ ಸೋಂಕಿಗೆ ಪುರಾವೆಯಲ್ಲ. ತಮಟೆ ಹೊರಕ್ಕೆ ಉಬ್ಬಿದೆಯೇ ಎಂಬುದೇ ಮುಖ್ಯ ಲಕ್ಷಣ. ಪ್ರತಿ ಸಲ ಕಿವಿ ತೋರಿಸಿದಾಗಲೂ ತಮಟೆ ಉಬ್ಬಿತ್ತೇ, ಯಾವ ಕಿವಿಯಲ್ಲಿ ಎಂದು ಕೇಳಿ ದಿನಾಂಕದೊಂದಿಗೆ ಬರೆದಿಟ್ಟುಕೊಳ್ಳಿ. ಮುಂದೆ ಯಾವ ತಜ್ಞರ ಬಳಿ ಹೋದರೂ ಈ ಒಂದು ಪುಟ ನಿಮ್ಮ ಕೈಯಲ್ಲಿರುವ ಅತ್ಯಂತ ಬೆಲೆಬಾಳುವ ದಾಖಲೆಯಾಗುತ್ತದೆ. ಆರು ತಿಂಗಳಲ್ಲಿ ಮೂರು ಸಲ, ಅಥವಾ ಒಂದು ವರ್ಷದಲ್ಲಿ ನಾಲ್ಕು ಸಲ ಬಂದು ಅದರಲ್ಲಿ ಕನಿಷ್ಠ ಒಂದು ಕಳೆದ ಆರು ತಿಂಗಳೊಳಗಿನದಾಗಿದ್ದರೆ, ಅದನ್ನು ಮರುಕಳಿಸುವ ಸೋಂಕು ಎನ್ನುತ್ತೇವೆ. ಮೂರೂ ನಿಜವಾದ ತೀವ್ರ ಸೋಂಕೇ ಆಗಿದ್ದರೆ ನಿಮ್ಮ ಮಗಳು ಆ ಗೆರೆಯನ್ನು ಮುಟ್ಟಿದ್ದಾಳೆ.

ನೆಗಡಿಯ ಬೆನ್ನಿಗೇ ಇದು ಏಕೆ ಬರುತ್ತದೆ ಎಂದರೆ, ಮಧ್ಯಕಿವಿಗೆ ಗಾಳಿ ಹೋಗಿಬರುವುದು ಮೂಗಿನ ಹಿಂಬದಿಗೆ ತೆರೆದುಕೊಳ್ಳುವ ಯೂಸ್ಟೇಷಿಯನ್ ನಾಳದ ಮೂಲಕ. ದೊಡ್ಡವರಲ್ಲಿ ಆ ನಾಳ ಸುಮಾರು 35 ಮಿಲಿಮೀಟರ್ ಉದ್ದವಿದ್ದು ಇಳಿಜಾರಾಗಿರುತ್ತದೆ. ಹಸುಗೂಸಿನಲ್ಲಿ ಅದರ ಅರ್ಧದಷ್ಟೇ ಉದ್ದವಿದ್ದು ಹೆಚ್ಚುಕಡಿಮೆ ಅಡ್ಡಡ್ಡವಾಗಿ ಮಲಗಿರುತ್ತದೆ. ನೆಗಡಿಯಿಂದ ನಾಳದ ಒಳಪೊರೆ ಊದಿಕೊಂಡು ದಾರಿ ಮುಚ್ಚಿದಾಗ ಒಳಗಿನ ಗಾಳಿ ಹೀರಲ್ಪಟ್ಟು ದ್ರವ ಜಿನುಗುತ್ತದೆ, ಮೂಗಿನ ಹಿಂದೆ ಮೊದಲೇ ಇರುವ ಬ್ಯಾಕ್ಟೀರಿಯಾಗಳು ಆ ದ್ರವದಲ್ಲಿ ಬೆಳೆಯುತ್ತವೆ. ಕೀವಿನ ಒತ್ತಡಕ್ಕೆ ತಮಟೆ ಬಿಗಿಯಾಗಿ ಎಳೆಯುವುದೇ ಆ ರಾತ್ರಿಯ ನೋವು. ಒತ್ತಡ ತಾಳಲಾರದೆ ತಮಟೆಯಲ್ಲಿ ಸಣ್ಣ ರಂಧ್ರವಾಗಿ ಕೀವು ಹೊರಬಿದ್ದ ಕ್ಷಣವೇ ನೋವು ಇಳಿಯುತ್ತದೆ. ನಿಮ್ಮ ಮಗಳು ಬೆಳಗಿನ ಜಾವ ನಿದ್ದೆಹೋದದ್ದು ಅದಕ್ಕಾಗಿ. ಇಂತಹ ರಂಧ್ರ ಬಹುತೇಕ ಮಕ್ಕಳಲ್ಲಿ ಕೆಲವೇ ವಾರಗಳಲ್ಲಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಅದು ಮುಚ್ಚಿದೆ ಎಂದು ವೈದ್ಯರು ಹೇಳುವವರೆಗೆ ಕಿವಿಗೆ ಎಣ್ಣೆಯನ್ನಾಗಲಿ, ಮನೆಯಲ್ಲಿ ಉಳಿದಿರುವ ಯಾವುದೋ ಹನಿ ಔಷಧವನ್ನಾಗಲಿ ಹಾಕಬೇಡಿ.

ಈ ಸಲದ ಚಿಕಿತ್ಸೆಗೆ ಬರೋಣ. ಮೊದಲ ಕೆಲಸ ನೋವು ಇಳಿಸುವುದು, ಏಕೆಂದರೆ ಆಂಟಿಬಯಾಟಿಕ್ ಮೊದಲ ದಿನದ ನೋವನ್ನು ಕಡಿಮೆ ಮಾಡುವುದಿಲ್ಲ. ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೆನ್ ಅನ್ನು ಮಗುವಿನ ಈಗಿನ ತೂಕಕ್ಕೆ ಲೆಕ್ಕಹಾಕಿ ಕೊಡಬೇಕು. ಆಸ್ಪಿರಿನ್ ಮಕ್ಕಳಿಗೆ ಕೊಡಲೇಬಾರದು. ಇನ್ನು ಆಂಟಿಬಯಾಟಿಕ್ ಬೇಕೇ ಬೇಡವೇ ಎಂಬುದು ವಯಸ್ಸು ಮತ್ತು ತೀವ್ರತೆಯ ಮೇಲೆ ನಿಂತಿದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ 2013ರ ಮಾರ್ಗಸೂಚಿಯ ಪ್ರಕಾರ, ಜ್ವರ 39 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ, ನೋವು ಜೋರಾಗಿದ್ದರೆ ಅಥವಾ ಎರಡು ದಿನ ದಾಟಿದ್ದರೆ, ಕಿವಿ ಸೋರುತ್ತಿದ್ದರೆ, ಇಲ್ಲವೇ ಎರಡು ವರ್ಷದೊಳಗಿನ ಮಗುವಿನ ಎರಡೂ ಕಿವಿಗಳಲ್ಲಿ ಸೋಂಕಿದ್ದರೆ ಕೂಡಲೇ ಆರಂಭಿಸಬೇಕು. ಒಂದೇ ಕಿವಿಯಲ್ಲಿ ಸೌಮ್ಯವಾಗಿದ್ದರೆ, ನೋವಿನ ಔಷಧ ಕೊಡುತ್ತಾ 48ರಿಂದ 72 ಗಂಟೆ ಕಾದು ನೋಡುವುದನ್ನು ಪೋಷಕರೊಡನೆ ಮಾತಾಡಿ ನಿರ್ಧರಿಸಬಹುದು.

ವೈದ್ಯರು ಬರೆದ ಪ್ರಬಲ ಔಷಧದ ಬಗ್ಗೆ ನಿಮಗೆ ಅನುಮಾನವಿದೆ. ಮೊದಲ ಆಯ್ಕೆ ಸಾಮಾನ್ಯವಾಗಿ ಅಮಾಕ್ಸಿಸಿಲಿನ್. ಮಗು ಕಳೆದ ಮೂವತ್ತು ದಿನಗಳಲ್ಲಿ ಅದನ್ನು ತೆಗೆದುಕೊಂಡಿದ್ದರೆ, ಅಥವಾ ಜೊತೆಗೆ ಕಣ್ಣಿನಲ್ಲಿ ಪಿಸುರು ಬರುತ್ತಿದ್ದರೆ, ಕ್ಲಾವುಲನೇಟ್ (ಬ್ಯಾಕ್ಟೀರಿಯಾದ ನಿರೋಧವನ್ನು ಮುರಿಯುವ ಅಂಶ) ಸೇರಿದ ಅಮಾಕ್ಸಿಸಿಲಿನ್ ಕೊಡುತ್ತೇವೆ. ನಿಮ್ಮ ವೈದ್ಯರ ಆಯ್ಕೆಗೆ ಇದೇ ಕಾರಣವಿರಬಹುದು, ಕೇಳಿ ನೋಡಿ. ಭೇದಿ ಹೆಚ್ಚಾಗುವುದು ಕ್ಲಾವುಲನೇಟ್ ಭಾಗದಿಂದ, ಆದ್ದರಿಂದ ಅದು ಕಡಿಮೆ ಅನುಪಾತದಲ್ಲಿರುವ ಸಿರಪ್ ಸಿಗುತ್ತದೆಯೇ ಎಂದೂ ವಿಚಾರಿಸಿ. ಭೇದಿಯ ಬೇಸರಕ್ಕೆ ಐದನೆಯ ದಿನ ನಿಲ್ಲಿಸಿಬಿಡುವುದು ಈ ವಯಸ್ಸಿನಲ್ಲಿ ಒಳ್ಳೆಯದಲ್ಲ. 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಆರರಿಂದ ಇಪ್ಪತ್ತಮೂರು ತಿಂಗಳ ಮಕ್ಕಳಿಗೆ ಐದು ದಿನದ ಚಿಕಿತ್ಸೆ ಶೇಕಡ 34ರಷ್ಟು ಮಂದಿಯಲ್ಲಿ ವಿಫಲವಾಯಿತು. ಹತ್ತು ದಿನ ಪೂರ್ತಿ ಕೊಟ್ಟವರಲ್ಲಿ ವೈಫಲ್ಯ ಶೇಕಡ 16 ಮಾತ್ರ. ಔಷಧ ಆರಂಭಿಸಿ ಎರಡು ಮೂರು ದಿನಗಳಾದರೂ ಜ್ವರ, ನೋವು ಇಳಿಯದಿದ್ದರೆ ಮತ್ತೆ ತೋರಿಸಬೇಕು.

ನಿಮ್ಮ ಬಂಧುಗಳು ಹೇಳಿದ್ದು ಒಂದು ಕಾಲದಲ್ಲಿ ನಿಜವಾಗಿಯೂ ರೂಢಿಯಲ್ಲಿತ್ತು. ಕೊಡುತ್ತಿರುವಷ್ಟು ದಿನ ಸೋಂಕು ಸ್ವಲ್ಪ ಕಡಿಮೆಯಾಗುತ್ತದೆ, ನಿಲ್ಲಿಸಿದ ಮೇಲೆ ಆ ಲಾಭ ಉಳಿಯುವುದಿಲ್ಲ, ಅಷ್ಟರಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಮಗುವಿನ ಮೂಗಿನಲ್ಲಿ ನೆಲೆಯೂರಿರುತ್ತವೆ. ಅದೇ ಮಾರ್ಗಸೂಚಿ ಈ ಪದ್ಧತಿ ಬೇಡವೆಂದು ಸ್ಪಷ್ಟವಾಗಿ ಹೇಳಿದೆ, ನನ್ನ ಅಭಿಪ್ರಾಯವೂ ಅದೇ. ನೆಗಡಿಯ ಸಿರಪ್‌ಗಳು, ಅಲರ್ಜಿಯ ಔಷಧಗಳು ಮಧ್ಯಕಿವಿಯ ದ್ರವವನ್ನು ಒಣಗಿಸುತ್ತವೆ ಎಂಬುದೂ ನಿಜವಲ್ಲ.

ಕಿವಿಯ ಹಿಂದೆ ಊದಿಕೊಂಡು ಕೆಂಪಾಗಿ ಕಿವಿ ಮುಂದಕ್ಕೆ ತಳ್ಳಿದಂತೆ ಕಂಡರೆ, ಮುಖದ ಒಂದು ಬದಿ ಸೊಟ್ಟಗಾದರೆ, ಕುತ್ತಿಗೆ ಬಿಗಿದರೆ, ಮಗು ಎಬ್ಬಿಸಿದರೂ ಮಂಕಾಗಿದ್ದರೆ, ಮರುದಿನದವರೆಗೆ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇವು ಅಪರೂಪ, ಆದರೆ ತಡಮಾಡುವಂತಹವಲ್ಲ.

ಉತ್ತರ 2 (ಒಬ್ಬ ತಂದೆ)

ಅಕ್ಕಾ, ನಮ್ಮ ಮಗನಿಗೆ ಎರಡು ವರ್ಷ ತುಂಬಿದ ಮೇಲೆ ಎರಡೂ ಕಿವಿಗೆ ಗ್ರೋಮೆಟ್ ಹಾಕಿಸಿದೆವು. ಅವನಿಗೆ ಸೋಂಕಿಗಿಂತ ಹೆಚ್ಚಾಗಿ, ತಿಂಗಳುಗಟ್ಟಲೆ ಇಳಿಯದೆ ನಿಂತ ದ್ರವದ್ದೇ ತೊಂದರೆಯಾಗಿತ್ತು. ನಿಮ್ಮ ಮಗಳ ಸ್ಥಿತಿಯೂ ಅದೇ ಎಂದು ನಾನು ಹೇಳಲಾರೆ. ಆದರೆ ಶಸ್ತ್ರಚಿಕಿತ್ಸೆ ಎಂಬ ಪದ ಕೇಳಿಯೇ ಹೆದರುವ ತಂದೆತಾಯಿಗಳಿಗೆ ನಡೆದದ್ದನ್ನು ಹೇಳಿದರೆ ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ.

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಹೋದೆವು. ಮುಖವಾಡದ ಮೂಲಕ ಅರಿವಳಿಕೆ ಕೊಟ್ಟರು. ಒಳಗೆ ಹೋದವನು, ನಾವು ಹೊರಗೆ ಸರಿಯಾಗಿ ಕುಳಿತುಕೊಳ್ಳುವಷ್ಟರಲ್ಲಿ ಹೊರಗೆ ಬಂದ ಎನ್ನಬೇಕು. ಎಚ್ಚರವಾದ ಮೇಲೆ ಒಂದಷ್ಟು ಹೊತ್ತು ಯಾರ ಮಾತಿಗೂ ಬಗ್ಗದೆ ಅತ್ತ. ಅದು ಅರಿವಳಿಕೆ ಇಳಿಯುವಾಗಿನ ಗೊಂದಲವೇ ಹೊರತು ನೋವಲ್ಲ ಎಂದು ದಾದಿ ಮೊದಲೇ ತಿಳಿಸಿದ್ದರಿಂದ ಧೈರ್ಯವಾಗಿದ್ದೆವು. ಸಂಜೆಗೆ ಮನೆಯಲ್ಲಿದ್ದೆವು. ಮರುದಿನ ಬಚ್ಚಲಿನಲ್ಲಿ ನಲ್ಲಿ ತಿರುಗಿಸಿದಾಗ ನೀರಿನ ಸದ್ದಿಗೆ ಬೆಚ್ಚಿ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡ. ಅಷ್ಟು ದಿನ ಅವನಿಗೆ ಎಷ್ಟು ಕಡಿಮೆ ಕೇಳಿಸುತ್ತಿತ್ತು ಎಂಬುದು ನಮಗೆ ಆಗಲೇ ಗೊತ್ತಾದದ್ದು.

ಆದರೆ ಗ್ರೋಮೆಟ್ ಹಾಕಿಸಿದ ಮಾತ್ರಕ್ಕೆ ಎಲ್ಲವೂ ಮುಗಿಯಲಿಲ್ಲ. ನೆಗಡಿ ಬಂದಾಗ ಕೆಲವು ಸಲ ಕಿವಿ ಸೋರಿತು. ವ್ಯತ್ಯಾಸವೇನೆಂದರೆ ಜ್ವರವಿರಲಿಲ್ಲ, ರಾತ್ರಿಯ ಅಳುವಿರಲಿಲ್ಲ, ಸಿರಪ್ಪೂ ಬೇಕಾಗಲಿಲ್ಲ. ವೈದ್ಯರು ಬರೆದ ಹನಿ ಔಷಧದಲ್ಲೇ ನಿಂತಿತು. ಹನಿ ಹಾಕುವ ಮೊದಲು ಬಾಟಲಿಯನ್ನು ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದು ಬೆಚ್ಚಗೆ ಮಾಡಿಕೊಳ್ಳಿ, ತಣ್ಣಗಿನ ಹನಿ ಬಿದ್ದರೆ ಮಕ್ಕಳಿಗೆ ತಲೆ ಸುತ್ತುತ್ತದೆ. ಹನಿ ಬಿದ್ದ ಮೇಲೆ ಕಿವಿಯ ಮುಂದಿನ ಸಣ್ಣ ಉಬ್ಬನ್ನು ನಾಲ್ಕೈದು ಸಲ ಮೆಲ್ಲಗೆ ಒತ್ತಿದರೆ ಔಷಧ ಒಳಗೆ ಇಳಿಯುತ್ತದೆ ಎಂದು ಹೇಳಿಕೊಟ್ಟಿದ್ದರು, ಅದು ನಮಗೆ ಬಹಳ ಅನುಕೂಲವಾಯಿತು.

ಉತ್ತರ 3 (ಇಎನ್‌ಟಿ ಶಸ್ತ್ರಚಿಕಿತ್ಸಕಿ)

ಮೇಲಿನ ಎರಡೂ ಉತ್ತರಗಳು ಸರಿಯಾಗಿವೆ. ಗ್ರೋಮೆಟ್ ಬಗ್ಗೆ ನಾನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ, ಏಕೆಂದರೆ ಈ ವಿಷಯದಲ್ಲಿ ಕಳೆದ ಕೆಲವು ವರ್ಷಗಳಲ್ಲಿ ನಮ್ಮ ವಿಭಾಗದ ಆಲೋಚನೆ ಬದಲಾಗಿದೆ, ಆ ಬದಲಾವಣೆ ಪೋಷಕರಿಗೆ ಇನ್ನೂ ಪೂರ್ತಿಯಾಗಿ ತಲುಪಿಲ್ಲ.

ಗ್ರೋಮೆಟ್ ಎಂದರೆ ಒಳಗೆ ಸುಮಾರು ಒಂದು ಮಿಲಿಮೀಟರ್ ರಂಧ್ರವಿರುವ ಪುಟ್ಟ ಕೊಳವೆ. ಕಿವಿತಮಟೆಯಲ್ಲಿ ಸಣ್ಣದಾಗಿ ಕೊಯ್ದು, ದ್ರವವನ್ನು ಹೀರಿ ತೆಗೆದು, ಕೊಯ್ದ ಜಾಗದಲ್ಲಿ ಅದನ್ನು ಕೂರಿಸುತ್ತೇವೆ. ಯೂಸ್ಟೇಷಿಯನ್ ನಾಳ ಮಾಡಬೇಕಾದ ಗಾಳಿಯ ಕೆಲಸವನ್ನು ಅದು ತಾತ್ಕಾಲಿಕವಾಗಿ ಮಾಡುತ್ತದೆ. ಸಾಮಾನ್ಯವಾಗಿ ಆರರಿಂದ ಹದಿನೆಂಟು ತಿಂಗಳೊಳಗೆ ತಮಟೆಯೇ ಅದನ್ನು ಹೊರಕ್ಕೆ ತಳ್ಳುತ್ತದೆ, ಅಷ್ಟರಲ್ಲಿ ಮಗು ಬೆಳೆದು ಅದರ ನಾಳವೂ ಬಲಿತಿರುತ್ತದೆ ಎಂಬುದು ಈ ಚಿಕಿತ್ಸೆಯ ಹಿಂದಿನ ತರ್ಕ. ಕೊಳವೆ ಬಿದ್ದ ಮೇಲೆ ರಂಧ್ರ ಮುಚ್ಚದೆ ಉಳಿಯುವುದು ನೂರರಲ್ಲಿ ಒಂದೆರಡು ಮಕ್ಕಳಲ್ಲಿ. ತಮಟೆಯ ಮೇಲೆ ಬಿಳಿಯ ಕಲೆ ಉಳಿಯುವುದು ಇದಕ್ಕಿಂತ ಸಾಮಾನ್ಯ, ಆದರೆ ಅದರಿಂದ ಕೇಳಿಸುವಿಕೆಗೆ ಗಮನಾರ್ಹ ತೊಂದರೆಯಿಲ್ಲ.

ಗ್ರೋಮೆಟ್ ಹಾಕಿದರೆ ಸೋಂಕು ನಿಲ್ಲುತ್ತದೆಯೇ? ಅಮೆರಿಕದ ಪಿಟ್ಸ್‌ಬರ್ಗ್‌ನ ತಂಡವೊಂದರ ನೇತೃತ್ವದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪದೇ ಪದೇ ಸೋಂಕು ಬರುತ್ತಿದ್ದ ಆರರಿಂದ ಮೂವತ್ತೈದು ತಿಂಗಳ 250 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕೊಳವೆ ಹಾಕಿದರು, ಇನ್ನೊಂದು ಗುಂಪಿಗೆ ಸೋಂಕು ಬಂದಾಗ ಮಾತ್ರ ಔಷಧ ಕೊಟ್ಟರು. ಎರಡು ವರ್ಷ ಗಮನಿಸಿದಾಗ ಕೊಳವೆಯ ಗುಂಪಿನಲ್ಲಿ ಮಗುವಿಗೆ ವರ್ಷಕ್ಕೆ ಸರಾಸರಿ 1.48 ಸಲ, ಔಷಧದ ಗುಂಪಿನಲ್ಲಿ 1.56 ಸಲ ಸೋಂಕು ಬಂದಿತ್ತು. ಇದನ್ನು ವ್ಯತ್ಯಾಸವೆಂದೇ ಹೇಳಲಾಗದು. ಬಂದಾಗೆಲ್ಲ ಆಂಟಿಬಯಾಟಿಕ್ ಕೊಟ್ಟ ಗುಂಪಿನಲ್ಲಿ ಔಷಧ ನಿರೋಧಕ ಬ್ಯಾಕ್ಟೀರಿಯಾ ಹೆಚ್ಚಿರಬಹುದೆಂಬ ಭಯವೂ ನಿಜವಾಗಲಿಲ್ಲ. ಹಾಗೆಂದು ಗ್ರೋಮೆಟ್ ನಿಷ್ಪ್ರಯೋಜಕವೆಂದು ತೀರ್ಮಾನಿಸಬಾರದು. ಔಷಧದ ಗುಂಪಿನ ಕೆಲವು ಮಕ್ಕಳಿಗೆ ಸೋಂಕು ಹತೋಟಿಗೆ ಬಾರದೆ ಮುಂದೆ ಕೊಳವೆಯನ್ನೇ ಹಾಕಬೇಕಾಯಿತು. ಮೇಲಿನ ತಂದೆಯವರು ಬರೆದಂತೆ, ಕೊಳವೆಯಿರುವ ಕಿವಿಯಲ್ಲಿ ಸೋಂಕು ಬಂದರೂ ಕೀವು ಕೂಡಿಟ್ಟುಕೊಳ್ಳದೆ ಹೊರಗೆ ಹರಿಯುವುದರಿಂದ ನೋವು ಕಡಿಮೆ, ಹನಿ ಔಷಧ ನೇರವಾಗಿ ಜಾಗಕ್ಕೆ ತಲುಪುತ್ತದೆ. ಹಾಗೆ ಸೋರುವಾಗ ಹನಿ ಔಷಧ ಬಾಯಿಯ ಸಿರಪ್‌ಗಿಂತ ಚೆನ್ನಾಗಿ ಕೆಲಸ ಮಾಡುತ್ತದೆಂದು 2014ರ ಒಂದು ಡಚ್ ಅಧ್ಯಯನವೂ ತೋರಿಸಿದೆ. ತಮಟೆ ತೆರೆದಿರುವಾಗ ಸಿಪ್ರೊಫ್ಲಾಕ್ಸಾಸಿನ್ ಅಥವಾ ಒಫ್ಲಾಕ್ಸಾಸಿನ್ ಹನಿಗಳು ಸುರಕ್ಷಿತ. ಜೆಂಟಾಮೈಸಿನ್, ನಿಯೋಮೈಸಿನ್ ಸೇರಿದ ಹನಿಗಳು ಒಳಕಿವಿಗೆ ಹಾನಿ ಮಾಡಬಲ್ಲವು, ಅವನ್ನು ತಪ್ಪಿಸಬೇಕು.

ಹಾಗಾದರೆ ಯಾರಿಗೆ ಹಾಕಬೇಕು? ಅಮೆರಿಕದ ಇಎನ್‌ಟಿ ತಜ್ಞರ ಅಕಾಡೆಮಿ 2022ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ಹುರುಳು ಇಷ್ಟು: ಸೋಂಕು ಎಷ್ಟು ಸಲ ಬಂದಿದ್ದರೂ, ತಪಾಸಣೆಯ ದಿನ ಎರಡೂ ಕಿವಿಗಳಲ್ಲಿ ದ್ರವವಿಲ್ಲದೆ ಸ್ವಚ್ಛವಾಗಿದ್ದರೆ ಗ್ರೋಮೆಟ್ ಬೇಡ. ಏಕೆಂದರೆ ಪ್ರತಿ ಸೋಂಕಿನ ನಂತರ ಕಿವಿ ತಾನೇ ಬರಿದಾಗುತ್ತಿದೆ ಎಂದರೆ ನಾಳ ಕೆಲಸ ಮಾಡುತ್ತಿದೆ ಎಂದರ್ಥ, ಅಂತಹ ಮಗು ಬೆಳೆದಂತೆ ಇದರಿಂದ ಹೊರಬರುತ್ತದೆ. ಒಂದು ಕಿವಿಯಲ್ಲಾದರೂ ದ್ರವ ಉಳಿದಿದ್ದರೆ ಗ್ರೋಮೆಟ್‌ನ ಆಯ್ಕೆಯನ್ನು ಪೋಷಕರ ಮುಂದಿಡಬೇಕು. ಎರಡೂ ಕಿವಿಗಳಲ್ಲಿ ಮೂರು ತಿಂಗಳು ಅಥವಾ ಹೆಚ್ಚು ಕಾಲ ದ್ರವ ನಿಂತು ಕೇಳಿಸುವಿಕೆ ಕುಗ್ಗಿದ್ದರೂ ಹಾಗೆಯೇ. ಸೀಳು ಅಂಗುಳ, ಡೌನ್ ಸಿಂಡ್ರೋಮ್ ಅಥವಾ ಬೆಳವಣಿಗೆಯ ವಿಳಂಬ ಇರುವ ಮಕ್ಕಳಿಗೆ ಇಷ್ಟು ಕಾಯುವುದಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ. ಇದುವರೆಗೆ ನೀವು ಮಗುವಿನ ಕಿವಿಯನ್ನು ತೋರಿಸಿರುವುದೆಲ್ಲ ಅದು ಅಳುತ್ತಿದ್ದಾಗ, ಜ್ವರವಿದ್ದಾಗ ಎಂದು ತೋರುತ್ತದೆ. ಗ್ರೋಮೆಟ್ ಬೇಕೇ ಎಂಬುದು ತೀರ್ಮಾನವಾಗುವುದು ಮಗು ಚೆನ್ನಾಗಿರುವಾಗ ನೋಡಿದ ಕಿವಿಯಿಂದ. ಈ ಸೋಂಕು ಕಳೆದ ಮೇಲೆ ದ್ರವ ಕೆಲವು ವಾರ ಉಳಿಯುವುದು ಸಹಜ, ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ಮೂರು ತಿಂಗಳೊಳಗೆ ಅದು ತಾನಾಗಿ ಇಳಿಯುತ್ತದೆ. ಆದ್ದರಿಂದ ಔಷಧ ಮುಗಿದು ಆರೆಂಟು ವಾರಗಳ ನಂತರ, ನೆಗಡಿಯಿಲ್ಲದ ದಿನ ನೋಡಿ ಟಿಂಪನೋಮೆಟ್ರಿ ಮಾಡಿಸಿ. ಕಿವಿಗೆ ಮೃದುವಾದ ತುದಿಯಿಟ್ಟು ಗಾಳಿಯ ಒತ್ತಡವನ್ನು ಸ್ವಲ್ಪ ಬದಲಿಸಿ ತಮಟೆ ಅಲುಗಾಡುತ್ತದೆಯೇ ಎಂದು ನೋಡುವ ಪರೀಕ್ಷೆಯದು, ನೋವಿಲ್ಲ, ಒಂದು ನಿಮಿಷವೂ ಬೇಡ. ಪರೀಕ್ಷೆಯ ನಕ್ಷೆಯಲ್ಲಿ ಗೆರೆ ಗುಡ್ಡದಂತೆ ಎದ್ದರೆ ಒಳಗೆ ಗಾಳಿಯಿದೆ, ಚಪ್ಪಟೆಯಾಗಿದ್ದರೆ ಹೆಚ್ಚಾಗಿ ದ್ರವವಿದೆ. ಅಡಿನಾಯ್ಡ್ (ಮೂಗಿನ ಹಿಂಬದಿಯಲ್ಲಿರುವ ಗ್ರಂಥಿಯಂತಹ ಅಂಗಾಂಶ) ತೆಗೆಸುವ ಸಲಹೆಯನ್ನೂ ಯಾರಾದರೂ ಕೊಡಬಹುದು. ನಾಲ್ಕು ವರ್ಷದೊಳಗೆ, ಮೂಗು ಸದಾ ಕಟ್ಟಿ ಗೊರಕೆ ಹೊಡೆಯುವಂತಹ ಬೇರೆ ಕಾರಣವಿಲ್ಲದೆ, ಕಿವಿಗಾಗಿಯೇ ಅಡಿನಾಯ್ಡ್ ತೆಗೆಯುವುದನ್ನು ನಾನು ಒಪ್ಪುವುದಿಲ್ಲ.

ಪ್ರಶ್ನೆ ಕೇಳಿದ ತಾಯಿ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಚೆನ್ನಾಗಿರುವಾಗ ಕಿವಿ ತೋರಿಸಬೇಕೆಂಬುದು ನಮಗೆ ಹೊಳೆದೇ ಇರಲಿಲ್ಲ, ವಾಸಿಯಾಯಿತೆಂದರೆ ಆಸ್ಪತ್ರೆಯ ದಾರಿಯನ್ನೇ ಮರೆಯುತ್ತಿದ್ದೆವು. ಇನ್ನೆರಡು ಸಂಗತಿಗಳನ್ನು ತಿಳಿಸಿ. ಅವಳು ದಿನವೂ ಶಿಶುವಿಹಾರಕ್ಕೆ ಹೋಗುತ್ತಾಳೆ, ರಾತ್ರಿ ಹಾಸಿಗೆಯಲ್ಲಿ ಮಲಗಿಕೊಂಡೇ ಬಾಟಲಿಯಿಂದ ಹಾಲು ಕುಡಿದು ನಿದ್ದೆಹೋಗುತ್ತಾಳೆ. ಮನೆಯಲ್ಲಿ ಒಬ್ಬರು ಸಿಗರೇಟು ಸೇದುತ್ತಾರೆ, ಆದರೆ ಮಗುವಿನ ಎದುರಿಗೆ ಅಲ್ಲ. ಇವುಗಳಲ್ಲಿ ಏನನ್ನು ಬದಲಿಸಿದರೆ ನಿಜವಾಗಿ ಪ್ರಯೋಜನವಾಗುತ್ತದೆ? ಹಾಗೆಯೇ, ಅವಳ ಮಾತು ನಿಂತಂತಾಗಿರುವುದಕ್ಕೆ ಅಷ್ಟು ವಾರ ಕಾಯಬೇಕೇ?

ಉತ್ತರ 4 (ಮಕ್ಕಳ ವೈದ್ಯ)

ಬಾಟಲಿಯನ್ನು ಮೊದಲು ಬಿಡಿಸಿ. ಅಂಗಾತ ಮಲಗಿ ಹಾಲು ಹೀರುವಾಗ, ಆ ಗಿಡ್ಡ ನಾಳದೊಳಕ್ಕೆ ಹಾಲು ನುಗ್ಗುವ ಸಾಧ್ಯತೆಯಿದೆ. ಈ ವಯಸ್ಸಿಗೆ ಲೋಟದಿಂದ, ಕುಳಿತುಕೊಂಡು ಕುಡಿಯಬಹುದು, ಹಲ್ಲಿಗೂ ಒಳ್ಳೆಯದು. ನಿಪ್ಪಲ್ ಚೀಪುವ ಅಭ್ಯಾಸವಿದ್ದರೆ ಅದನ್ನೂ ಬಿಡಿಸಿ.

ಸಿಗರೇಟಿನ ವಿಷಯದಲ್ಲಿ ನಾನು ಮೆದುವಾಗಿ ಹೇಳಲಾರೆ. ಮಗುವಿನ ಎದುರಿಗೆ ಸೇದದಿದ್ದರೂ ಹೊಗೆಯ ಅಂಶ ಬಟ್ಟೆಯಲ್ಲಿ, ಹಾಸಿಗೆಯಲ್ಲಿ, ಕಾರಿನ ಸೀಟಿನಲ್ಲಿ ಉಳಿದು ಮಗುವಿನ ಉಸಿರಿಗೆ ಸೇರುತ್ತದೆ. ಮೂಗು ಮತ್ತು ನಾಳದ ಒಳಪೊರೆಯಲ್ಲಿ ಲೋಳೆಯನ್ನು ಹೊರದೂಡುವ ಸೂಕ್ಷ್ಮ ರೋಮಗಳನ್ನು ಹೊಗೆ ಮಂಕುಗೊಳಿಸುತ್ತದೆ. ಹೊಗೆಯಿರುವ ಮನೆಯ ಮಕ್ಕಳಲ್ಲಿ ಕಿವಿಯ ತೊಂದರೆ ಹೆಚ್ಚು ಎಂಬುದು ಬಹಳ ಕಾಲದಿಂದ ಸ್ಥಿರಪಟ್ಟ ಸಂಗತಿ. ಆ ವ್ಯಕ್ತಿ ಪೂರ್ತಿ ಬಿಡುವುದೇ ಇದಕ್ಕೆ ಪರಿಹಾರ. ಅವರಿಗೆ ಈ ಚರ್ಚೆಯನ್ನು ಓದಿಸಿದರೂ ಆಗುತ್ತದೆ.

ಶಿಶುವಿಹಾರ ಬಿಡಿಸಿ ಎಂದು ಹೇಳುವುದು ಸುಲಭ, ಕೆಲಸಕ್ಕೆ ಹೋಗುವ ತಂದೆತಾಯಿಗೆ ಅದು ಸಾಧ್ಯವಾಗಬೇಕಲ್ಲ. ಮಕ್ಕಳ ಸಂಖ್ಯೆ ಕಡಿಮೆಯಿರುವ ಕಡೆ ಸೇರಿಸಲು ಆಗುವುದಾದರೆ ನೆಗಡಿ ಕಡಿಮೆಯಾಗುತ್ತದೆ. ಆಗದಿದ್ದರೆ ಅದಕ್ಕಾಗಿ ನೊಂದುಕೊಳ್ಳಬೇಡಿ. ನ್ಯೂಮೋಕಾಕಲ್ ಲಸಿಕೆಯ ಎಲ್ಲ ಡೋಸ್‌ಗಳೂ ಆಗಿವೆಯೇ ಎಂದು ಕಾರ್ಡ್ ತೆಗೆದು ನೋಡಿ, ಪ್ರತಿವರ್ಷ ಫ್ಲೂ ಲಸಿಕೆ ಹಾಕಿಸಿ. ಬೇರೆ ಬ್ಯಾಕ್ಟೀರಿಯಾಗಳಿಂದಲೂ ಕಿವಿ ಸೋಂಕು ಬರುವುದರಿಂದ ಲಸಿಕೆ ಅದನ್ನು ಪೂರ್ತಿ ತಡೆಯುವುದಿಲ್ಲ, ಕಡಿಮೆ ಮಾಡುತ್ತದೆ. ಕಿವಿಯ ಜೊತೆಗೆ ನ್ಯುಮೋನಿಯ, ಗುಣವಾಗದ ಚರ್ಮದ ಹುಣ್ಣು, ತೂಕ ಏರದಿರುವುದು ಇವೂ ಇದ್ದರೆ ರೋಗನಿರೋಧಕ ಶಕ್ತಿಯ ಪರೀಕ್ಷೆ ಮಾಡಿಸಬೇಕಾಗುತ್ತದೆ. ಕಿವಿಯೊಂದೇ ಆಗಿದ್ದು ಮಗು ಚೆನ್ನಾಗಿ ಬೆಳೆಯುತ್ತಿದ್ದರೆ ಅದರ ಅಗತ್ಯವಿಲ್ಲ.

ಉತ್ತರ 5 (ಶ್ರವಣ ತಜ್ಞೆ)

ಮಾತಿನ ಪ್ರಶ್ನೆಯನ್ನು ನೀವು ಎತ್ತಿದ್ದು ಒಳ್ಳೆಯದಾಯಿತು, ಅದಕ್ಕೆ ಕಾಯಬೇಕಾಗಿಲ್ಲ. ದ್ರವ ಇಳಿಯಲು ಕೊಡುವ ಕಾಲಾವಕಾಶ ಬೇರೆ, ಕೇಳಿಸುವಿಕೆಯ ಪರೀಕ್ಷೆ ಬೇರೆ. ಹಿಂದಿನಿಂದ ಕರೆದರೆ ತಿರುಗದ, ಹೊಸ ಪದ ಸೇರಿಸದ ಮಗುವಿಗೆ ಈ ನೋವು ಜ್ವರ ಇಳಿದ ಕೂಡಲೇ ಪರೀಕ್ಷೆ ಮಾಡಿಸಬಹುದು.

ಮಧ್ಯಕಿವಿಯ ದ್ರವದಿಂದ ಆಗುವ ಕೊರತೆ ಸರಾಸರಿ 25 ಡೆಸಿಬೆಲ್ ಆಸುಪಾಸಿನದು. ನಿಮ್ಮ ಎರಡೂ ಕಿವಿಗಳಿಗೆ ಬೆರಳಿಟ್ಟುಕೊಂಡು ಪಕ್ಕದ ಕೋಣೆಯವರ ಮಾತು ಕೇಳಿಸಿಕೊಳ್ಳಲು ಪ್ರಯತ್ನಿಸಿದರೆ ಅದರ ಅಂದಾಜು ಸಿಗುತ್ತದೆ: ಸದ್ದು ಬರುತ್ತದೆ, ಪದಗಳ ಅಂಚುಗಳು ಅಳಿಸಿಹೋಗಿರುತ್ತವೆ. ಭಾಷೆ ಬಲ್ಲ ನಾವು ಅಳಿಸಿದ್ದನ್ನು ಊಹಿಸಿ ತುಂಬಿಕೊಳ್ಳುತ್ತೇವೆ. ಆಗತಾನೇ ಪದಗಳನ್ನು ಕಲಿಯುತ್ತಿರುವ ಮಗುವಿಗೆ ಊಹಿಸಲು ಆಧಾರವೇ ಇಲ್ಲ. ಈ ಕೊರತೆ ಒಂದೇ ಮಟ್ಟದಲ್ಲಿ ಇರುವುದೂ ಇಲ್ಲ, ಒಂದು ವಾರ ಚೆನ್ನಾಗಿ ಕೇಳಿಸಿ ಮುಂದಿನ ವಾರ ಕುಗ್ಗುತ್ತದೆ. ಮನೆಯವರು, ಬೇಕೆಂದಾಗ ಕೇಳಿಸುತ್ತದೆ, ಹಟಮಾರಿತನ ಎಂದುಕೊಳ್ಳುವುದು ಇದರಿಂದಲೇ.

ಈ ವಯಸ್ಸಿನ ಮಗುವಿಗೆ ನಾವು ಧ್ವನಿವರ್ಧಕದಿಂದ ಸದ್ದು ಬಂದ ಕಡೆಗೆ ತಿರುಗಿದಾಗ ಬೆಳಕು ಹೊತ್ತಿ ಆಟಿಕೆ ಕುಣಿಯುವಂತೆ ಮಾಡಿ, ಎಷ್ಟು ಸಣ್ಣ ಸದ್ದಿಗೆ ತಿರುಗುತ್ತದೆ ಎಂದು ಅಳೆಯುತ್ತೇವೆ. ಮಗು ತಾಯಿಯ ತೊಡೆಯ ಮೇಲೆಯೇ ಕುಳಿತಿರುತ್ತದೆ. ಹುಟ್ಟಿದಾಗ ಮಾಡಿದ ಒಎಇ (ಸದ್ದಿಗೆ ಒಳಕಿವಿ ಮರಳಿಸುವ ಸಣ್ಣ ಪ್ರತಿಧ್ವನಿಯನ್ನು ಹಿಡಿಯುವ) ಪರೀಕ್ಷೆಯಲ್ಲಿ ಪಾಸಾಗಿದೆ ಎಂಬ ಕಾಗದ ಇಟ್ಟುಕೊಂಡು ಸಮಾಧಾನಪಡಬೇಡಿ, ಅದು ಅಂದಿನ ಕಿವಿಯ ಮಾತು. ಈಗ ಅದನ್ನೇ ಮತ್ತೆ ಮಾಡಿದರೂ ದ್ರವವಿದ್ದರೆ ಫಲಿತಾಂಶ ಬರುವುದಿಲ್ಲ, ಆದರೆ ಕೊರತೆ ಎಷ್ಟೆಂಬುದನ್ನು ಅದು ಹೇಳದು. ಎರಡು ವರ್ಷ ತುಂಬುವ ಹೊತ್ತಿಗೆ ಸಾಮಾನ್ಯವಾಗಿ ಐವತ್ತರಷ್ಟು ಪದಗಳೂ ಎರಡೆರಡು ಪದ ಜೋಡಿಸಿ ಹೇಳುವುದೂ ಬಂದಿರುತ್ತದೆ. ಈಗ ಅವಳು ಹೇಳುವ ಪದಗಳನ್ನು ಪಟ್ಟಿ ಮಾಡಿ ಪರೀಕ್ಷೆಗೆ ಬರುವಾಗ ತನ್ನಿ. ಅಮ್ಮಂದಿರ ಈ ಪಟ್ಟಿಯಿಂದ ನಮಗೆ ತಿಳಿಯುವಷ್ಟು ಅರ್ಧ ಗಂಟೆ ಮಗುವಿನೊಡನೆ ಕುಳಿತರೂ ತಿಳಿಯುವುದಿಲ್ಲ.

ಅಲ್ಲಿಯವರೆಗೆ ಮಾತಾಡುವಾಗ ಅವಳ ಎದುರಿಗೆ, ಮೊಳದಷ್ಟು ಹತ್ತಿರ, ಅವಳ ಕಣ್ಣಿನ ಎತ್ತರಕ್ಕೆ ಕುಳಿತುಕೊಳ್ಳಿ. ಮೊದಲು ಹೆಸರು ಹಿಡಿದು ಕರೆದು ಅಥವಾ ಮೆಲ್ಲಗೆ ಮುಟ್ಟಿ, ನೋಡಿದ ಮೇಲೆ ಮಾತು ಆರಂಭಿಸಿ. ಕೂಗಬೇಡಿ, ಸ್ಪಷ್ಟವಾಗಿ ಸಣ್ಣ ವಾಕ್ಯಗಳಲ್ಲಿ ಹೇಳಿ. ಟಿವಿ ನಿಲ್ಲಿಸಿ, ಏಕೆಂದರೆ ನಮಗೆ ಅಡ್ಡಿಯೆನಿಸದ ಹಿನ್ನೆಲೆಯ ಸದ್ದು ಅವಳಿಗೆ ಇಡೀ ವಾಕ್ಯವನ್ನೇ ನುಂಗಿಬಿಡುತ್ತದೆ. ಶಿಶುವಿಹಾರದವರಿಗೂ ಇದನ್ನು ತಿಳಿಸಿ, ಕಥೆ ಹೇಳುವಾಗ ಅವಳನ್ನು ಮುಂದೆ ಕೂರಿಸಿಕೊಳ್ಳಲಿ. ಪರೀಕ್ಷೆಯಲ್ಲಿ ಕೊರತೆ ಕಂಡು, ಮೂರು ತಿಂಗಳಾದರೂ ಗೆರೆ ಚಪ್ಪಟೆಯಾಗಿಯೇ ಇದ್ದರೆ ಮೇಲಿನ ವೈದ್ಯೆ ಹೇಳಿದಂತೆ ಗ್ರೋಮೆಟ್ ಹಾಕಿಸಲು ಗಟ್ಟಿಯಾದ ಕಾರಣವಿರುತ್ತದೆ. ಹಾಕಿಸಿದರೂ ಹಾಕಿಸದಿದ್ದರೂ ದ್ರವ ಇಳಿದ ಮೇಲೆ ಇನ್ನೊಂದು ಸಲ ಕೇಳಿಸುವಿಕೆಯನ್ನು ಅಳೆಸಿ. ದ್ರವವಿಲ್ಲದ ಕಿವಿಯಲ್ಲೂ ಕೊರತೆ ಉಳಿದಿದ್ದರೆ ಅದರ ಕಾರಣ ಹೆಚ್ಚಾಗಿ ಒಳಕಿವಿಯಲ್ಲಿರುತ್ತದೆ, ಅದನ್ನು ಬೇಗ ಗುರುತಿಸಿದರೆ ಮಾಡಬಹುದಾದದ್ದು ಬಹಳಷ್ಟಿದೆ.